ಎಲ್ಲರಿಗೂ ಟೆಸ್ಟ್ ಮಾಡಿದರೆ ರೋಗ ಹೋಗುತ್ತದಾ?

ಕಳೆದ ತಿಂಗಳು ಮದ್ರಸದ ಕಪಾಟು ಖಾಲಿ ಮಾಡುವಾಗ ಹಳೆಯ ಹಾಜರಿ ಪುಸ್ತಕದ ಎಡೆಯಲ್ಲಿ ಒಂದು ಕಟ್ಟು ಚೀಟಿ ಸಿಕ್ಕಿತು. ಮುಟ್ಟಿದ ಕೂಡಲೇ ರಬ್ಬರ್ ಬ್ಯಾಂಡ್ ತುಂಡಾಯಿತು. 2020ರ ಬಕ್ರೀದ್‌ಗೆ ಮುಂಚಿನ ವಾರ ನಮ್ಮ ಮದ್ರಸದ ಹಾಲ್‌ನಲ್ಲಿ ಕೊರೋನಾ ಟೆಸ್ಟ್ ನಡೆದಾಗ ನಾವೇ ಹಂಚಿದ ಟೋಕನ್‌ಗಳು ಅವು. ಮಕ್ಕಳ ಬೆಂಚುಗಳನ್ನು ಹೊರಗೆ ಹಾಕಿ, ಹಾಲ್‌ನ ನಡುವೆ ಎರಡು ಕುರ್ಚಿ ಇಟ್ಟಿದ್ದೆವು. ಅಕ್ಷರ ಬರೆಸುವ ಬೋರ್ಡಿನಲ್ಲಿ ಅವತ್ತು "ಒಬ್ಬೊಬ್ಬರೇ ಬನ್ನಿ, ಅಂತರ ಕಾಯ್ದುಕೊಳ್ಳಿ" ಅಂತ ಬರೆದವರು ನಾವೇ.

ಮೈಕ್‌ನಲ್ಲಿ ಕರೆದವರೂ ನಾವೇ. "ಮಹಲ್ಲಿನ ಎಲ್ಲರೂ ಬನ್ನಿ, ಸಣ್ಣವರು ದೊಡ್ಡವರು ಅಂತ ಇಲ್ಲ. ಟೆಸ್ಟ್ ಮಾಡಿಸಿಕೊಳ್ಳಿ. ನೆಗೆಟಿವ್ ಬಂದವರು ನೆಮ್ಮದಿಯಲ್ಲಿ ಹಬ್ಬ ಮಾಡಿ" ಅಂದಿದ್ದೆವು. ಆ ಕೊನೆಯ ಮಾತು ಹೇಳಬಾರದಿತ್ತು ಅಂತ ತಿಳಿಯಲಿಕ್ಕೆ ನಮಗೆ ಮೂರು ವಾರ ಬೇಕಾಯಿತು.

ಅವತ್ತು ಬಂದವರಲ್ಲಿ ಒಬ್ಬ ಹುಡುಗ ರಿಕ್ಷಾ ಓಡಿಸುವವನು, ಹಿಂದೆ ನಮ್ಮಲ್ಲೇ ಓದಿದವನು. ಆ್ಯಂಟಿಜೆನ್ ಟೆಸ್ಟ್ ಅರ್ಧ ಗಂಟೆಯೊಳಗೆ ಆಯ್ತು, ನೆಗೆಟಿವ್. ಗಂಟಲು ಸ್ವಲ್ಪ ಕೆರೆಯುತ್ತಿದ್ದದ್ದನ್ನು ಅವನು ಹೇಳಲಿಲ್ಲ; ನಾವೂ ಕೇಳಲಿಲ್ಲ. ಹಬ್ಬದ ದಿನ ಮಾಂಸದ ಪಾಲು ಹಿಡಿದುಕೊಂಡು ಉಮ್ಮಾಮನ ಮನೆಗೆ ಹೋದ, ಮಾಸ್ಕ್ ತೆಗೆದು ಬದಿಯಲ್ಲೇ ಕೂತು ಉಂಡ. ವಾರದೊಳಗೆ ಉಮ್ಮಾಮನಿಗೆ ಜ್ವರ, ಆಮೇಲೆ ಉಸಿರಾಟದ ತೊಂದರೆ. ಆಸ್ಪತ್ರೆಗೆ ಹೋದವರು ಮನೆಗೆ ಮರಳಲಿಲ್ಲ. ರೋಗ ಅವನಿಂದಲೇ ಬಂತು ಅಂತ ಯಾರೂ ಹೇಳಲಾರರು. ಆ ಮನೆಗೆ ಹೋಗಿಬಂದವರು ಬೇರೆಯವರೂ ಇದ್ದರು. ಆದರೆ ಅವನು ಈಗಲೂ ನಮ್ಮನ್ನು ಕಂಡಾಗ ಒಂದೇ ಮಾತು ಕೇಳುವುದು: "ಉಸ್ತಾದರೇ, ನಂಗೆ ನೆಗೆಟಿವ್ ಅಂತಲೇ ಹೇಳಿದ್ದಲ್ಲವಾ?"

ಹೌದು, ಹೇಳಿದ್ದೆವು. ಇವತ್ತು ಈ ಪುಟದಲ್ಲಿ ಬರೆಯುವುದು ಆ ಪ್ರಶ್ನೆಯ ಬಗ್ಗೆಯೇ. ಸಾಂಕ್ರಾಮಿಕ ಬಂದಾಗ ಊರಿಗೆ ಊರೇ ಸಾಲಲ್ಲಿ ನಿಂತು ಟೆಸ್ಟ್ ಮಾಡಿಸಿಕೊಂಡರೆ ಪ್ರಯೋಜನ ಉಂಟಾ? ಕೊರೋನಾ ಮುಗಿಯಿತಲ್ಲ, ಇನ್ನೆಂತಕ್ಕೆ ಅದು ಅಂತ ಕೇಳಬೇಡಿ. ಗಲ್ಫಿಗೆ ಹೋಗಿಬರುವ ಮನೆಗಳು, ಕೇರಳದ ಗಡಿಯಾಚೆ ಸಂಬಂಧ ಇರುವ ಮನೆಗಳು ನಮ್ಮವು. ಮುಂದೆ ಎಲ್ಲಾದರೂ ಒಂದು ಹೊಸ ವೈರಸ್ ಎದ್ದರೆ ಅದರ ಸುದ್ದಿ ಮೊದಲು ಮುಟ್ಟುವುದು ನಮ್ಮ ಜಗಲಿಗೇ.

ಟೆಸ್ಟ್ ಅಂದರೆ ಆ ದಿನದ ಫೋಟೋ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ವೈರಸ್ ಮೈಗೆ ಹೊಕ್ಕ ದಿನವೇ ಯಾವ ಟೆಸ್ಟಿನಲ್ಲೂ ಕಾಣುವುದಿಲ್ಲ. ಅದು ಒಳಗೆ ಹೆಚ್ಚಾಗಿ, ಮೂಗು ಗಂಟಲಿಗೆ ಬಂದ ಮೇಲೆ ಮಾತ್ರ ಸಿಕ್ಕುತ್ತದೆ. ಇವತ್ತು ನೆಗೆಟಿವ್ ಇದ್ದವರು ನಾಡಿದ್ದು ಪಾಸಿಟಿವ್ ಆಗಬಹುದು.

ಎರಡು ಬಗೆಯ ಟೆಸ್ಟ್ ನಮಗೆಲ್ಲ ಪರಿಚಯ ಇದ್ದವು. ಆರ್‌ಟಿ-ಪಿಸಿಆರ್‌ನಲ್ಲಿ ಗಂಟಲ ದ್ರವದಲ್ಲಿರುವ ವೈರಸ್‌ನ ಅಂಶವನ್ನು ಯಂತ್ರದಲ್ಲಿ ಮತ್ತೆ ಮತ್ತೆ ಹೆಚ್ಚಿಸಿ ನೋಡುತ್ತಾರೆ. ಅತಿ ಕಡಿಮೆ ಇದ್ದರೂ ಹಿಡಿಯುತ್ತದೆ. ಆದರೆ ಲ್ಯಾಬ್ ಬೇಕು, ಸಮಯ ಬೇಕು. ಗುಣವಾದ ಮೇಲೂ ಕೆಲವರಲ್ಲಿ ಸತ್ತ ವೈರಸ್‌ನ ಚೂರು ಉಳಿದು ವಾರಗಟ್ಟಲೆ ಪಾಸಿಟಿವ್ ತೋರಿಸುವುದೂ ಉಂಟು. ಆ್ಯಂಟಿಜೆನ್ ಟೆಸ್ಟ್ ಹಾಗಲ್ಲ. ಕೂತಲ್ಲೇ ಆಗುತ್ತದೆ, ಅಗ್ಗ. ವೈರಸ್ ತುಂಬಾ ಇದ್ದಾಗ ಹಿಡಿಯುತ್ತದೆ, ಕಡಿಮೆ ಇದ್ದಾಗ ಬಿಟ್ಟುಬಿಡುತ್ತದೆ. ಅದಕ್ಕೇ 2020ರ ಜೂನ್‌ನಲ್ಲಿ ಆ್ಯಂಟಿಜೆನ್‌ಗೆ ಒಪ್ಪಿಗೆ ಕೊಡುವಾಗಲೇ ಐಸಿಎಂಆರ್ ಒಂದು ಷರತ್ತು ಹಾಕಿತ್ತು: ರೋಗ ಲಕ್ಷಣ ಇದ್ದು ಆ್ಯಂಟಿಜೆನ್ ನೆಗೆಟಿವ್ ಬಂದರೆ ಅವರಿಗೆ ಆರ್‌ಟಿ-ಪಿಸಿಆರ್ ಕೂಡ ಮಾಡಲೇಬೇಕು. ನಾವು ಮೈಕ್‌ನಲ್ಲಿ ಹೇಳಬೇಕಾಗಿದ್ದದ್ದು ಇದನ್ನು. ರಿಕ್ಷಾದ ಹುಡುಗನ ಗಂಟಲು ಕೆರೆತಕ್ಕೆ ಉತ್ತರ ಆ ಷರತ್ತಿನಲ್ಲೇ ಇತ್ತು.

ಒಂದು ಸಣ್ಣ ಲೆಕ್ಕ

ಪಿಯುಸಿಯಲ್ಲಿ ಕಲಿತ ಲೆಕ್ಕ ಸಾಕು ಇದಕ್ಕೆ. ಇದು ಬರೀ ಉದಾಹರಣೆ, ಯಾವ ಊರಿನದ್ದೂ ಅಲ್ಲ. 10,000 ಜನರ ಒಂದು ಊರು ಅಂತ ಇಟ್ಟುಕೊಳ್ಳಿ. ಅದರಲ್ಲಿ 50 ಜನರಿಗೆ ವೈರಸ್ ತಗಲಿದೆ. ನಮ್ಮ ಕೈಯಲ್ಲಿರುವ ಕಿಟ್ ರೋಗ ಇರುವ 100 ಜನರಲ್ಲಿ 70 ಮಂದಿಯನ್ನು ಹಿಡಿಯುತ್ತದೆ. ರೋಗ ಇಲ್ಲದ 100 ಜನರಲ್ಲಿ 99 ಮಂದಿಗೆ ಸರಿಯಾಗಿ ನೆಗೆಟಿವ್ ಹೇಳುತ್ತದೆ, ಒಬ್ಬರಿಗೆ ತಪ್ಪಿ ಪಾಸಿಟಿವ್ ತೋರಿಸುತ್ತದೆ. ಕೇಳಲಿಕ್ಕೆ ಒಳ್ಳೆಯ ಕಿಟ್ಟೇ.

ಈಗ ಇಡೀ ಊರಿಗೆ ಟೆಸ್ಟ್ ಮಾಡಿ. 50 ರೋಗಿಗಳಲ್ಲಿ 35 ಮಂದಿ ಸಿಕ್ಕಿದರು. 15 ಮಂದಿ ನೆಗೆಟಿವ್ ಚೀಟಿ ಹಿಡಿದುಕೊಂಡು ಮಾರ್ಕೆಟಿಗೆ ಹೋದರು. ಉಳಿದ 9,950 ಜನರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 100 ಮಂದಿಗೆ ಸುಳ್ಳು ಪಾಸಿಟಿವ್. ಅಂದರೆ ಪಾಸಿಟಿವ್ ಅಂತ ಕರೆಸಿಕೊಂಡ 135 ಜನರಲ್ಲಿ 100 ಮಂದಿಗೆ ರೋಗವೇ ಇಲ್ಲ!

ಅದೇ ಕಿಟ್ಟನ್ನು ಜ್ವರ ಕೆಮ್ಮು ಇರುವವರಿಗೆ, ರೋಗಿಗಳ ಮನೆಯವರಿಗೆ ಮಾತ್ರ ಬಳಸಿ ನೋಡಿ. ಅಂಥ 100 ಜನರಲ್ಲಿ 30 ಮಂದಿಗೆ ರೋಗ ಉಂಟು ಅಂತಿಟ್ಟುಕೊಂಡರೆ 21 ಮಂದಿ ಸಿಕ್ಕುತ್ತಾರೆ. ಸುಳ್ಳು ಪಾಸಿಟಿವ್ ಹೆಚ್ಚೆಂದರೆ ಒಬ್ಬರು. ಕಿಟ್ ಬದಲಾಗಲಿಲ್ಲ, ಟೆಸ್ಟ್ ಮಾಡಿದ ಜಾಗ ಬದಲಾಯಿತು. ಗಾಳ ಒಳ್ಳೆಯದಿದ್ದರೆ ಸಾಲದು, ಮೀನು ಇರುವಲ್ಲಿ ಹಾಕಬೇಕು ಅಂತ ನಮ್ಮ ಕಡಲ ಕರೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಲಕ್ಷಣ ಇದ್ದವರಿಗೆ ಮಾತ್ರ ಸಾಕಾ? ಅಲ್ಲೂ ತೊಡಕು ಉಂಟು. ಕೊರೋನಾ ಜ್ವರ ಬರುವ ಒಂದೆರಡು ದಿನ ಮೊದಲೇ ಹರಡಲಿಕ್ಕೆ ಶುರುವಾಗುತ್ತಿತ್ತು. ಕೆಲವರಿಗೆ ಲಕ್ಷಣವೇ ಬರುತ್ತಿರಲಿಲ್ಲ, ಆದರೂ ಹರಡುತ್ತಿತ್ತು. ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿದ ಆ ಜ್ವರ ಅಳೆಯುವ ಯಂತ್ರ ಇಂಥವರನ್ನು ಹೇಗೆ ಹಿಡಿದೀತು? ಎಲ್ಲರಿಗೂ ಟೆಸ್ಟ್ ಮಾಡಿ ಅಂದವರು ಮೂರ್ಖರಲ್ಲ. ಅವರ ಮಾತಿಗೆ ಈ ಕಾರಣ ಇತ್ತು.

ಇಡೀ ದೇಶಕ್ಕೆ ಟೆಸ್ಟ್ ಮಾಡಿದವರ ಕಥೆ

ಯುರೋಪಿನ ಸ್ಲೊವಾಕಿಯಾ ನಮ್ಮ ಕರ್ನಾಟಕದ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಜನ ಇರುವ ದೇಶ. 2020ರ ಅಕ್ಟೋಬರ್ 31 ಮತ್ತು ನವೆಂಬರ್ 1, ಎರಡೇ ದಿನದಲ್ಲಿ ಅಲ್ಲಿ 36 ಲಕ್ಷ ಜನರಿಗೆ ಆ್ಯಂಟಿಜೆನ್ ಟೆಸ್ಟ್ ಮಾಡಿದರು. ಸೈನಿಕರು, ನರ್ಸ್‌ಗಳು, ಸ್ವಯಂಸೇವಕರು ಎಲ್ಲ ಇಳಿದರು. ನೆಗೆಟಿವ್ ಚೀಟಿ ಇಲ್ಲದವರು ಮನೆಯಿಂದ ಕೆಲಸಕ್ಕೆ ಹೋಗುವಂತಿಲ್ಲ. ಪಾಸಿಟಿವ್ ಬಂದವರು 38,359 ಮಂದಿ, ನೂರಕ್ಕೆ ಒಬ್ಬರು. ಅವರು ಮಾತ್ರ ಅಲ್ಲ, ಅವರ ಮನೆಯವರೂ ಹತ್ತು ದಿನ ಹೊರಗೆ ಬರುವಂತಿಲ್ಲ. ಮರುವಾರ ರೋಗ ಹೆಚ್ಚಿದ್ದ ಜಿಲ್ಲೆಗಳಲ್ಲಿ ಮತ್ತೊಮ್ಮೆ ಟೆಸ್ಟ್ ಆಯ್ತು. ಎರಡೂ ಸಲ ಟೆಸ್ಟ್ ನಡೆದ ಕಡೆ ಪಾಸಿಟಿವ್ ಪ್ರಮಾಣ ಒಂದೇ ವಾರದಲ್ಲಿ ಶೇ. 58ರಷ್ಟು ಇಳಿದಿತ್ತು ಅಂತ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು.

ಇದು ಸಣ್ಣ ಸಾಧನೆ ಅಲ್ಲ. ಆದರೆ ಅದೇ ಹೊತ್ತಿಗೆ ಶಾಲೆ, ಹೋಟೆಲ್, ಓಡಾಟಕ್ಕೂ ನಿರ್ಬಂಧ ಇತ್ತು. ಇಳಿದದ್ದರಲ್ಲಿ ಟೆಸ್ಟಿನ ಪಾಲೆಷ್ಟು, ನಿರ್ಬಂಧದ ಪಾಲೆಷ್ಟು ಅಂತ ಪ್ರತ್ಯೇಕಿಸಲಿಕ್ಕೆ ಸಂಶೋಧಕರಿಗೂ ಆಗಲಿಲ್ಲ. ಆಮೇಲೆ ಚಳಿಗಾಲದಲ್ಲಿ ರೋಗ ಮತ್ತೆ ಏರಿತು. 2021ರ ಫೆಬ್ರವರಿ ಹೊತ್ತಿಗೆ ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಸಾವು ಕಾಣುತ್ತಿದ್ದ ದೇಶಗಳಲ್ಲಿ ಸ್ಲೊವಾಕಿಯಾವೂ ಒಂದು. ಇಡೀ ದೇಶವನ್ನು ಒಂದು ಸಲ ಗುಡಿಸಿ ಬಾಗಿಲು ತೆರೆದಿಟ್ಟರೆ ಧೂಳು ಮತ್ತೆ ಬರುತ್ತದೆ.

ಚೀನಾದ ವುಹಾನ್‌ನಲ್ಲಿ 2020ರ ಮೇ 14ರಿಂದ ಜೂನ್ 1ರೊಳಗೆ ಸುಮಾರು 99 ಲಕ್ಷ ಜನರ ಟೆಸ್ಟ್ ಆಯ್ತು. ಸಿಕ್ಕಿದ್ದು ಎಷ್ಟು ಗೊತ್ತಾ? ಲಕ್ಷಣ ಇಲ್ಲದ 300 ಮಂದಿ. ಅವರ ಹತ್ತಿರದ ಸಂಪರ್ಕದಲ್ಲಿದ್ದ 1,174 ಜನರಲ್ಲಿ ಒಬ್ಬರಿಗೂ ರೋಗ ಇರಲಿಲ್ಲ. ರೋಗವನ್ನು ಅಡಗಿಸಿದ್ದು ಅದಕ್ಕೆ ಮೊದಲಿನ 76 ದಿನಗಳ ಲಾಕ್‌ಡೌನ್. ಆ ಟೆಸ್ಟ್ ಮಾಡಿದ್ದು "ಹೋಗಿದೆ" ಅಂತ ಖಾತ್ರಿ ಪಡಿಸುವ ಕೆಲಸ. ಜನರ ಹೆದರಿಕೆ ಕಳೆಯಲಿಕ್ಕೆ ಅದೂ ಬೇಕಿತ್ತು ಅನ್ನಬಹುದು. ರೋಗ ಏರುತ್ತಿರುವಾಗ ಅಷ್ಟು ಲ್ಯಾಬ್, ಅಷ್ಟು ಜನ ಯಾವ ಊರಿಗೆ ಸಾಧ್ಯ?

ನಮ್ಮ ಕಥೆಗೆ ಹತ್ತಿರದ್ದು ಇಂಗ್ಲೆಂಡಿನ ಲಿವರ್‌ಪೂಲ್. 2020ರ ನವೆಂಬರ್ 6ರಿಂದ ಅಲ್ಲಿ ಲಕ್ಷಣ ಇಲ್ಲದವರಿಗೂ ಉಚಿತ ಟೆಸ್ಟ್ ಶುರುವಾಯಿತು, ಸೈನ್ಯ ಬಂದು ನೆರವಾಯಿತು. ಒತ್ತಾಯ ಇರಲಿಲ್ಲ, ಬೇಕಾದವರು ಬರಬಹುದು. ಪಿಸಿಆರ್ ಜೊತೆ ಹೋಲಿಸಿ ನೋಡಿದಾಗ ಲಕ್ಷಣ ಇಲ್ಲದವರಲ್ಲಿ ಆ ತ್ವರಿತ ಟೆಸ್ಟ್ ಅರ್ಧದಷ್ಟು ಸೋಂಕನ್ನೂ ಹಿಡಿದಿರಲಿಲ್ಲ. ವೈರಸ್ ತುಂಬಾ ಇದ್ದವರನ್ನು ಮಾತ್ರ ಹೆಚ್ಚಾಗಿ ಹಿಡಿದಿತ್ತು. ಅದಕ್ಕಿಂತ ಮುಖ್ಯ ಇನ್ನೊಂದು. ಬಡವರು ಹೆಚ್ಚಿರುವ ಬೀದಿಗಳಿಂದ ಟೆಸ್ಟಿಗೆ ಬಂದವರು ಕಡಿಮೆ. ರೋಗ ಹೆಚ್ಚಿದ್ದದ್ದು ಅಂಥ ಬೀದಿಗಳಲ್ಲೇ. ಯಾಕೆ ಬರಲಿಲ್ಲ? ಪಾಸಿಟಿವ್ ಬಂದರೆ ಕೆಲಸಕ್ಕೆ ಹೋಗುವ ಹಾಗಿಲ್ಲ, ಸಂಬಳ ಇಲ್ಲ ಅನ್ನುವ ಹೆದರಿಕೆ ಒಂದು ದೊಡ್ಡ ಕಾರಣ.

ಟೋಕನ್ ತೆಗೆದುಕೊಳ್ಳದ ಒಬ್ಬರು

ಅದನ್ನು ಓದಿದಾಗ ನಮಗೆ ನೆನಪಾದದ್ದು ಲಿವರ್‌ಪೂಲ್ ಅಲ್ಲ, ನಮ್ಮ ಮದ್ರಸದ ಗೇಟು. ಟೆಸ್ಟ್ ನಡೆದ ದಿನ ಬೀಡಿ ಕಟ್ಟಿ ಮನೆ ನಡೆಸುವ ಒಬ್ಬರು ತಾಯಿ ಗೇಟಿನ ಹೊರಗೆ ಶಾಲು ಎಳೆದುಕೊಂಡು ನಿಂತಿದ್ದರು. ಕೆಮ್ಮುತ್ತಿದ್ದರು. ಟೋಕನ್ ಕೊಡಲಿಕ್ಕೆ ಹೋದೆವು, ತೆಗೆದುಕೊಳ್ಳಲಿಲ್ಲ.

"ಉಸ್ತಾದರೇ, ನಂಗೆ ಪಾಸಿಟಿವ್ ಬಂದ್ರೆ ನಮ್ಮ ಮನೆಯ ಬೀಡಿ ಯಾರು ತಗೊಳ್ತಾರೆ? ಎಲೆ ಯಾರು ಕೊಡ್ತಾರೆ? ಬಾಗಿಲಿಗೆ ಬೋರ್ಡ್ ಹಾಕಿದ್ರೆ ಮಗಳ ಸಂಬಂಧದ ಮಾತು ಮುಂದೆ ಹೋಗ್ತದಾ?"

"ಆರೋಗ್ಯ ದೊಡ್ಡದಲ್ಲವಾ ಉಮ್ಮ?" ಅಂದೆವು.

"ದೊಡ್ಡದೇ. ಹದಿನಾಲ್ಕು ದಿನ ಅಕ್ಕಿ ನೀವು ಕೊಡ್ತೀರಾ?"

ಉತ್ತರ ಇರಲಿಲ್ಲ. ಮದ್ರಸ ಮುಚ್ಚಿ ತಿಂಗಳುಗಳಾಗಿ ನಮ್ಮ ಸಂಬಳವೇ ಅರ್ಧಕ್ಕೆ ಇಳಿದಿತ್ತು. ಅವರು ಶಾಲು ಸರಿಮಾಡಿಕೊಂಡು ಹೋದರು. ಅವತ್ತು ನಾವು ಮನಸ್ಸಿನಲ್ಲಿ "ಇವರಿಗೆ ತಿಳಿವಳಿಕೆ ಇಲ್ಲ" ಅಂದುಕೊಂಡೆವು. ಇವತ್ತು ಯೋಚಿಸಿದರೆ ತಿಳಿವಳಿಕೆ ಇಲ್ಲದ್ದು ಯಾರಿಗೆ ಅಂತ ನಾಚಿಕೆಯಾಗುತ್ತದೆ. ಟೆಸ್ಟಿನ ನಂತರ ಎಂತ ಅಂತ ಕೇಳಿದವರು ಆ ದಿನ ಅವರೊಬ್ಬರೇ.

ಕೈಗೆ ಸೀಲ್, ಬಾಗಿಲಿಗೆ ಪೋಸ್ಟರ್, ಬೀದಿಗೆ ಸೀಲ್‌ಡೌನ್ ಎಲ್ಲ ನಾವು ಕಂಡವರೇ. ಪಾಸಿಟಿವ್ ಬಂದ ಮನೆಯ ಹೆಸರು ವಾಟ್ಸ್‌ಆ್ಯಪ್‌ನಲ್ಲಿ ಓಡಿದ್ದೂ ಕಂಡೆವು. ಅದನ್ನು ಮುಂದಕ್ಕೆ ಕಳಿಸಿದವರು ಹೊರಗಿನವರು ಮಾತ್ರ ಅಲ್ಲ, ನಮ್ಮ ಮಹಲ್ಲಿನವರೂ ಇದ್ದರು. ಟೆಸ್ಟ್ ಅಂದರೆ ಶಿಕ್ಷೆ ಅಂತಾದ ಕಡೆ ಜನ ಟೆಸ್ಟಿನಿಂದ ಓಡುತ್ತಾರೆ. ಹಾಗೆ ಓಡುವವರಲ್ಲೇ ರೋಗ ಇರುತ್ತದೆ.

ವಿಮಾನ, ಗಡಿ, ಕಿಟ್

ನಮ್ಮ ಜಿಲ್ಲೆಯ ಅನುಭವದಲ್ಲೂ ಕಲಿಯಲಿಕ್ಕೆ ಬೇಕಾದಷ್ಟು ಉಂಟು. ಆರಂಭದಲ್ಲಿ ಇಲ್ಲಿನ ಗಂಟಲ ದ್ರವ ಮಾದರಿಗಳು ಹೊರ ಜಿಲ್ಲೆಗಳ ಲ್ಯಾಬ್‌ಗೆ ಹೋಗಬೇಕಾಗಿತ್ತು. 2020ರ ಏಪ್ರಿಲ್‌ನಲ್ಲಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೇ ಟೆಸ್ಟ್ ಶುರುವಾದದ್ದು ದೊಡ್ಡ ಉಪಕಾರ. ತಡ ಆದರೆ ಎಂತ ಆಗುತ್ತದೆ ಅನ್ನುವುದಕ್ಕೆ ದೇಶದ ಮೊದಲ ಕೊರೋನಾ ಸಾವೇ ಸಾಕ್ಷಿ. ಸೌದಿಯಿಂದ ಮರಳಿದ್ದ ಕಲಬುರಗಿಯ ಆ ಹಿರಿಯರು ತೀರಿಕೊಂಡದ್ದು 2020ರ ಮಾರ್ಚ್ 10ಕ್ಕೆ. ಅವರಿಗೆ ಕೊರೋನಾ ಇತ್ತು ಅಂತ ಖಚಿತವಾದದ್ದು ಮಾರ್ಚ್ 12ಕ್ಕೆ.

ಮೇ 12ಕ್ಕೆ ದುಬೈಯಿಂದ ಮಂಗಳೂರಿಗೆ ವಂದೇ ಭಾರತ್‌ನ ಮೊದಲ ವಿಮಾನ ಬಂದದ್ದು ನಮ್ಮ ಯಾವ ಮನೆಗೂ ಮರೆತಿರಲಿಕ್ಕಿಲ್ಲ. ಇಳಿದವರನ್ನು ನೇರ ಮನೆಗೆ ಬಿಡದೆ ಕ್ವಾರಂಟೈನ್‌ನಲ್ಲಿಟ್ಟರು, ಟೆಸ್ಟ್ ಮಾಡಿದರು. ಹಲವರಿಗೆ ಪಾಸಿಟಿವ್ ಬಂತು. ಅಷ್ಟು ಹೊತ್ತಿಗೆ ಅವರು ಮನೆಯಲ್ಲಿ ಇರಲಿಲ್ಲ, ಕ್ವಾರಂಟೈನ್‌ನಲ್ಲಿದ್ದರು. ಟೆಸ್ಟ್ ಕೆಲಸ ಮಾಡಿದ್ದು ಅಲ್ಲಿ. ರೋಗ ಇರಬಹುದಾದ ಜನ, ಕಾಯುವ ಜಾಗ, ಟೆಸ್ಟ್, ಮೂರೂ ಒಟ್ಟಿಗೆ ಇದ್ದವು. ಕಾದ ಆ ದಿನಗಳು ಕಷ್ಟದವೇ. ಕಿಟಕಿಯಿಂದ ಮಕ್ಕಳಿಗೆ ವಿಡಿಯೋ ಕಾಲ್ ಮಾಡಿ ಅತ್ತವರು ನಮ್ಮವರೇ.

ಇನ್ನು ತಲಪಾಡಿ. 2021ರಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ಚೀಟಿ ಕೇಳಿದರು. ಕಾಸರಗೋಡು ಕಡೆಯಿಂದ ಮಂಗಳೂರಿಗೆ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಬರುವವರು ಪಟ್ಟ ಪಾಡು ಎಷ್ಟು! ಮೂರು ದಿನದ ಹಿಂದಿನ ಚೀಟಿ ಇವತ್ತಿನ ಸ್ಥಿತಿ ಹೇಳುತ್ತದಾ? ಅದೇ ಆಗಸ್ಟ್‌ನಲ್ಲಿ ಯುಎಇಗೆ ಮರಳುವವರಿಗೆ ವಿಮಾನ ಹತ್ತುವ ಕೆಲವೇ ಗಂಟೆ ಮೊದಲು ವಿಮಾನ ನಿಲ್ದಾಣದಲ್ಲೇ ರ್‍ಯಾಪಿಡ್ ಪಿಸಿಆರ್ ಬೇಕು ಅಂತಾಯಿತು. ಲೆಕ್ಕಕ್ಕೆ ನೋಡಿದರೆ ಅದು ಹೆಚ್ಚು ಸರಿ, ಆ ಹೊತ್ತಿನ ಸ್ಥಿತಿ ತಿಳಿಯುತ್ತದಲ್ಲ. ಆದರೆ ಮೊದಲಿಗೆ ಮಂಗಳೂರಿನಲ್ಲಿ ಆ ಸೌಲಭ್ಯವೇ ಇರದೆ, ವೀಸಾ ಮುಗಿಯುತ್ತದೆ ಅಂತ ಬೇರೆ ನಿಲ್ದಾಣಗಳಿಗೆ ಓಡಬೇಕಾಯಿತು.

ಕೆಟ್ಟ ಕಿಟ್ಟಿನ ಪಾಠವೂ ಒಂದುಂಟು. 2020ರ ಏಪ್ರಿಲ್‌ನಲ್ಲಿ ಚೀನಾದಿಂದ ಲಕ್ಷಗಟ್ಟಲೆ ರ್‍ಯಾಪಿಡ್ ಆ್ಯಂಟಿಬಾಡಿ ಕಿಟ್ ತರಿಸಿದರು. ರಾಜಸ್ಥಾನದವರು ಈಗಾಗಲೇ ಪಾಸಿಟಿವ್ ಅಂತ ಗೊತ್ತಿದ್ದವರಿಗೇ ಮಾಡಿ ನೋಡಿದರೆ ಹೆಚ್ಚಿನವರಿಗೆ ನೆಗೆಟಿವ್ ತೋರಿಸಿತು! ತಿಂಗಳ ಕೊನೆಗೆ ಐಸಿಎಂಆರ್ ಆ ಕಿಟ್‌ಗಳನ್ನು ಬಳಸಬೇಡಿ ಅಂತ ರಾಜ್ಯಗಳಿಗೆ ಬರೆಯಿತು. ಸಂಖ್ಯೆ ಹೆಚ್ಚಿಸುವ ಅವಸರದಲ್ಲಿ ಕಿಟ್ ಪರೀಕ್ಷಿಸಲಿಕ್ಕೆ ಮರೆತರೆ ಹೀಗೆಯೇ.

ಒಂದು ಅಗುಳು ಸಾಕು

ಊರಲ್ಲಿ ರೋಗ ಎಷ್ಟು ಹರಡಿದೆ ಅಂತ ತಿಳಿಯಲಿಕ್ಕಾದರೂ ಎಲ್ಲರಿಗೂ ಟೆಸ್ಟ್ ಬೇಡವಾ? ಬೇಡ. ಅನ್ನ ಬೆಂದಿದೆಯಾ ನೋಡಲಿಕ್ಕೆ ಪಾತ್ರೆಯ ಎಲ್ಲ ಅಗುಳು ಹಿಚುಕುವುದಿಲ್ಲ. 2020ರ ಡಿಸೆಂಬರ್ ಮತ್ತು 2021ರ ಜನವರಿಯಲ್ಲಿ ಐಸಿಎಂಆರ್ ದೇಶದ ಬೇರೆ ಬೇರೆ ಜಿಲ್ಲೆಗಳಿಂದ ಸುಮಾರು 28 ಸಾವಿರ ಜನರ ರಕ್ತ ಪರೀಕ್ಷಿಸಿತು. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕು ಬಂದು ಹೋಗಿತ್ತು. ದೇಶದ ಲೆಕ್ಕಕ್ಕೆ ಅದು ಇಪ್ಪತ್ತು ಕೋಟಿಗೂ ಮೀರುತ್ತದೆ. ಆಗ ಟೆಸ್ಟಿನಲ್ಲಿ ಸಿಕ್ಕಿ ಲೆಕ್ಕಕ್ಕೆ ಬಂದಿದ್ದ ಕೇಸು ಒಂದು ಕೋಟಿಯ ಆಸುಪಾಸು. ಸಿಕ್ಕಿದ ಒಬ್ಬರ ಹಿಂದೆ ಸಿಕ್ಕದವರು ಇಪ್ಪತ್ತಕ್ಕೂ ಹೆಚ್ಚು. ಇಷ್ಟು ದೊಡ್ಡ ಸತ್ಯ ಹೇಳಲಿಕ್ಕೆ 28 ಸಾವಿರ ಜನ ಸಾಕಾದರು.

ರೋಗ ಕಡಿಮೆ ಇರುವ ಕಡೆ ಖರ್ಚು ಉಳಿಸುವ ಇನ್ನೊಂದು ಉಪಾಯವೂ ಇತ್ತು. ಐದು ಜನರ ಮಾದರಿ ಒಟ್ಟಿಗೆ ಸೇರಿಸಿ ಒಂದೇ ಟೆಸ್ಟ್. ನೆಗೆಟಿವ್ ಬಂದರೆ ಐದೂ ಜನ ಪಾರು. ಪಾಸಿಟಿವ್ ಬಂದರೆ ಮಾತ್ರ ಒಬ್ಬೊಬ್ಬರನ್ನೇ ನೋಡುವುದು. ಖಾಸಗಿ ಲ್ಯಾಬ್‌ನಲ್ಲಿ ಒಂದು ಟೆಸ್ಟಿಗೆ 4,500 ರೂಪಾಯಿ ತನಕ ಇದ್ದ ಆ ಕಾಲದಲ್ಲಿ ಇದು ಸಣ್ಣ ಉಳಿತಾಯ ಅಲ್ಲ.

2018ರಲ್ಲಿ ಕೋಝಿಕ್ಕೋಡ್ ಕಡೆ ನಿಪಾ ಬಂದದ್ದು ನೆನಪಿರಬಹುದು. 17 ಜೀವ ಹೋಯಿತು. ಅಲ್ಲಿ ಊರಿಗೆಲ್ಲ ಟೆಸ್ಟ್ ಮಾಡಲಿಲ್ಲ. ರೋಗಿ ಯಾವ ಆಸ್ಪತ್ರೆಗೆ ಹೋಗಿದ್ದರು, ಯಾರ ಬದಿಯಲ್ಲಿ ಕೂತಿದ್ದರು ಅಂತ ಒಬ್ಬೊಬ್ಬರನ್ನೇ ಹುಡುಕಿ, ಎರಡು ಸಾವಿರಕ್ಕೂ ಹೆಚ್ಚು ಸಂಪರ್ಕಿತರ ಮೇಲೆ ಕಣ್ಣಿಟ್ಟು ಅಲ್ಲಿಗೇ ನಿಲ್ಲಿಸಿದರು. ನಿಪಾ ಕೊರೋನಾದಷ್ಟು ಸುಲಭದಲ್ಲಿ ಹರಡುವ ರೋಗವಲ್ಲ, ಅದಕ್ಕೇ ಅದು ಸಾಧ್ಯವಾಯಿತು ಎನ್ನುವುದೂ ನಿಜ.

ಮುಂದಿನ ಸಲಕ್ಕೆ ನಮ್ಮ ಮಾತು

ಹಾಗಾದರೆ ಉತ್ತರ? ಎಲ್ಲರಿಗೂ ಒಂದು ಸಲ ಟೆಸ್ಟ್ ಮಾಡಿ ಚೀಟಿ ಕೊಟ್ಟು ಕಳಿಸುವುದಾದರೆ ಅದು ಹಣ ಮತ್ತು ಶ್ರಮ ದಂಡ. ಕೆಲವೊಮ್ಮೆ ಸುಳ್ಳು ಧೈರ್ಯ ಕೊಟ್ಟು ಕೆಡುಕೇ ಮಾಡುತ್ತದೆ. ಜ್ವರದವರು, ಅವರ ಮನೆಯವರು, ಆಸ್ಪತ್ರೆ ಮತ್ತು ವೃದ್ಧರ ಸೇವೆಯಲ್ಲಿರುವವರು, ದೂರದಿಂದ ಬಂದವರು, ಇವರಿಗೆ ಬೇಗ ಬೇಗ, ಬೇಕಾದರೆ ಮತ್ತೆ ಮತ್ತೆ ಮಾಡುವ ಟೆಸ್ಟಿಗೆ ಬೆಲೆ ಉಂಟು. ರೋಗ ಒಂದು ಬೀದಿಯಲ್ಲಿ ಜೋರಾಗಿದ್ದರೆ ಆ ಬೀದಿಗೆಲ್ಲ ಮಾಡಲಿ. ಆದರೆ ಟೆಸ್ಟಿಗೆ ಮೊದಲು ಅದರ ನಂತರದ ಏರ್ಪಾಡು ಆಗಿರಬೇಕು.

ರೋಗ ಹರಡಿದ ಊರಿಗೆ ಹೋಗಬಾರದು, ಅಲ್ಲಿರುವವರು ಹೊರಗೆ ಓಡಬಾರದು ಅನ್ನುವ ಪ್ರವಾದಿಯವರ ತಾಕೀತನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಕಾಲದಲ್ಲಿ ಕಿಟ್ ಇರಲಿಲ್ಲ, ಇದ್ದ ಕಡೆ ಇರುವ ಶಿಸ್ತು ಮಾತ್ರ ಇತ್ತು. ಕಿಟ್ ಬಂದ ಮಾತ್ರಕ್ಕೆ ಆ ಶಿಸ್ತು ಬೇಡ ಅಂತಾಗುವುದಿಲ್ಲ. ಇದ್ದ ಕಡೆ ಇರಲಿಕ್ಕೆ ಹೊಟ್ಟೆಗೆ ಬೇಕು ಅಷ್ಟೆ.

ಚೀಟಿಗಳ ಕಟ್ಟನ್ನು ಜಮಾಅತ್ ಕಮಿಟಿಯ ಮುಂದಿಟ್ಟು ನಾವು ಕೆಲವು ಮಾತು ಹೇಳಿದೆವು. ಮುಂದೆ ಇಂಥದ್ದು ಬಂದರೆ ಮೈಕ್‌ನಲ್ಲಿ ಟೆಸ್ಟಿಗೆ ಕರೆಯುವ ಮೊದಲು ಮನೆಯೊಳಗೆ ಇರಬೇಕಾದವರ ಅಕ್ಕಿ, ಮೀನು, ಮದ್ದಿಗೆ ಒಂದು ನಿಧಿ ಇರಲಿ. ಒಂದೇ ಕೋಣೆಯ ಮನೆಯವರಿಗೆ ಬೇರೆ ಮಲಗಲಿಕ್ಕೆ ಮದ್ರಸದ ಮೇಲಿನ ಮಾಳಿಗೆ ಬಿಟ್ಟುಕೊಡೋಣ. ಬೀಡಿ ಕಟ್ಟುವ, ದಿನಗೂಲಿಯ ಮನೆಗಳಿಗೆ ಹೋದ ಕೂಲಿಯಲ್ಲಿ ಅರ್ಧವಾದರೂ ಸಿಗಲಿ. ಯಾರ ರಿಪೋರ್ಟೂ ಗ್ರೂಪಿಗೆ ಹೋಗಬಾರದು. ಹಾಕಿದವರನ್ನು ಕಮಿಟಿ ಕರೆದು ಕೇಳಲಿ. ನೆಗೆಟಿವ್ ಬಂದವರಿಗೆ ಹೇಳುವ ಮಾತು ಒಂದೇ: ಇವತ್ತು ಸಿಕ್ಕಲಿಲ್ಲ ಅಷ್ಟೆ, ಗಂಟಲು ಕೆರೆದರೆ ಇನ್ನೊಮ್ಮೆ ಬನ್ನಿ, ಅಲ್ಲಿ ತನಕ ಉಮ್ಮಾಮನ ಮನೆಗೆ ಹೋಗಬೇಡಿ.

ಕಮಿಟಿಯವರು ಒಪ್ಪಿದರು. ನಿಧಿಗೆ ಎಷ್ಟು ಅನ್ನುವ ಮಾತು ಇನ್ನೂ ಮುಗಿದಿಲ್ಲ. ಗೇಟಿನ ಹೊರಗೆ ನಿಂತಿದ್ದ ಆ ತಾಯಿ ಈಗಲೂ ನಮ್ಮ ಮಹಲ್ಲಿನಲ್ಲೇ ಇದ್ದಾರೆ, ಆರೋಗ್ಯವಾಗಿದ್ದಾರೆ, ಮಗಳ ಮದುವೆಯೂ ಆಯಿತು. ಮುಂದಿನ ಮೀಟಿಂಗ್‌ಗೆ ಮೊದಲು ಅವರ ಮನೆಗೆ ಹೋಗಿ, ಒಂದು ಮನೆಗೆ ಹದಿನಾಲ್ಕು ದಿನಕ್ಕೆ ಎಷ್ಟು ಬೇಕಾಗುತ್ತದೆ ಅಂತ ಕೇಳಿಕೊಂಡು ಬರಬೇಕು ಅಂತಿದ್ದೇವೆ.